ಲೈಸೆನ್ಸಿಗೆ ನಂಬರ್ ಹತ್ತುವ ಮೊದಲೇ ಪಿಸ್ತೂಲು ಬಿಚ್ಚಿ ನೋಡಿ

ಸಂಪಾದಕರೇ,

2025ರ ಸೆಪ್ಟೆಂಬರ್‌ನಿಂದ ಪಿಸ್ತೂಲು, ರಿವಾಲ್ವರ್ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 40ಕ್ಕೆ ಏರಿದೆ. ಸೋಪು, ಶಾಂಪೂ ಅಗ್ಗವಾದ ಸುದ್ದಿಯ ಗದ್ದಲದಲ್ಲಿ ಇದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ಗಮನಿಸಬೇಕಾದವರೂ ಕಡಿಮೆಯೇ ಬಿಡಿ. ತೆರಿಗೆ ಬಗ್ಗೆ ಗೊಣಗಲು ನಾನಿದನ್ನು ಬರೆಯುತ್ತಿಲ್ಲ. ಇಷ್ಟೊಂದು ದುಡ್ಡು ಸುರಿದೂ ನಮ್ಮ ಕಡೆಯವರು ಸಾಮಾನು ನೋಡದೆ ಮನೆಗೆ ತರುತ್ತಾರಲ್ಲ, ನನ್ನ ತಕರಾರು ಅದು.

ಲೈಸೆನ್ಸಿಗಾಗಿ ಡಿಸಿ ಆಫೀಸು, ಪೊಲೀಸ್ ಠಾಣೆ ಅಂತ ತಿಂಗಳುಗಟ್ಟಲೆ ಅಲೆದ ತೋಟದವರು, ಚಿನ್ನದಂಗಡಿಯವರು ಕೊನೆಗೆ ಕೋವಿ ಅಂಗಡಿಯಲ್ಲಿ ಹತ್ತು ನಿಮಿಷವೂ ನಿಲ್ಲುವುದಿಲ್ಲ. 'ಹೊಸದು ಸಾರ್, ಸರ್ಕಾರಿ ಕಾರ್ಖಾನೆಯದು' ಅಂದರೆ ಮುಗಿಯಿತು. ಆದರೆ ಪಿಸ್ತೂಲಿನ ನಂಬರ್ ಲೈಸೆನ್ಸಿನಲ್ಲಿ ನಮೂದಾದ ಮೇಲೆ ಅದನ್ನು ಮೊಬೈಲ್ ಥರ ವಾಪಸ್ ಕೊಟ್ಟು ಬೇರೆ ತರುವುದು ಸುಲಭವಲ್ಲ. ಆಯುಧ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ ಒಬ್ಬರಿಗೆ ಎರಡೇ ಆಯುಧ. ಮನೆಯಲ್ಲಿ ಈಗಾಗಲೇ ಒಂದು ಜೋಡಿ ನಳಿಗೆ ಕೋವಿ ಇದ್ದರೆ ಉಳಿದ ಒಂದೇ ಜಾಗಕ್ಕೆ ಈ ಪಿಸ್ತೂಲು ಬಂದು ಕೂರುತ್ತದೆ. ಅದೂ ಕೆಟ್ಟದ್ದಾದರೆ?

ಆಯ್ಕೆ ಅಂತ ಹೆಚ್ಚೇನೂ ಇಲ್ಲ. 9 ಎಂಎಂ ನಮ್ಮಂಥವರಿಗೆ ನಿಷೇಧಿತ ಬೋರ್ (ಬೋರ್ ಅಂದರೆ ನಳಿಗೆಯ ಒಳಗಿನ ಅಳತೆ). 1980ರ ದಶಕದಿಂದ ಆಮದು ನಿಂತಿರುವುದರಿಂದ ಹಳೆಯ ವಿದೇಶಿ ಪಿಸ್ತೂಲುಗಳಿಗೆ ಹುಚ್ಚು ಬೆಲೆ. ಕೈ ಬಿಗಿ ಇರುವವರಿಗೆ ಉಳಿಯುವುದು .32 ಬೋರ್, ಇಶಾಪುರದ ರೈಫಲ್ ಕಾರ್ಖಾನೆಯ 'ಅಶನಿ'ಯಂಥ ದೇಶಿ ಪಿಸ್ತೂಲು. ಇದಕ್ಕೆ ಹಾಕುವ .32 ತೋಟಾ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ 1899ರಲ್ಲಿ ರೂಪಿಸಿದ್ದು. ಒದೆತ ಕಡಿಮೆ, ಯಂತ್ರವೂ ಸರಳ. ಸಾಮಾನ್ಯವಾಗಿ ಇವುಗಳಲ್ಲಿ ಈಡು ಹಾರುವಾಗ ನಳಿಗೆಯನ್ನು ಕಚ್ಚಿ ಹಿಡಿಯುವ ಬೀಗ ಇರುವುದಿಲ್ಲ, ಸ್ಲೈಡಿನ (ಮೇಲೆ ಹಿಂದೆ ಮುಂದೆ ಜಾರುವ ಭಾಗದ) ತೂಕ ಮತ್ತು ಸ್ಪ್ರಿಂಗೇ ಒತ್ತಡವನ್ನು ತಡೆದು ಹಿಡಿಯುತ್ತವೆ. ಅದಕ್ಕೇ ಸ್ಪ್ರಿಂಗ್ ಬಿರುಸು. ಕೈ ಸೋತ ಹಿರಿಯರು ತಾವೇ ಸ್ಲೈಡ್ ಎಳೆದು ನೋಡಲಿ, ಜೊತೆಗೆ ಬಂದ ಮಗ ಎಳೆದರೆ ಏನು ಬಂತು? ಇನ್ನೊಂದು ಮಾತು, ರಿವಾಲ್ವರಿನ .32 ತೋಟಾ ಬೇರೆ, ಪಿಸ್ತೂಲಿನದ್ದು ಬೇರೆ. ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ.

ಕೈಗೆ ಕೊಟ್ಟ ತಕ್ಷಣ ಮೊದಲು ಮ್ಯಾಗಜಿನ್ (ತೋಟಾ ತುಂಬುವ ಡಬ್ಬಿ) ಹೊರಗೆ, ಆಮೇಲೆ ಸ್ಲೈಡ್ ಹಿಂದಕ್ಕೆ, ಚೇಂಬರ್, ಅಂದರೆ ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಜಾಗ, ಖಾಲಿ ಇದೆಯೇ ಅಂತ ಕಣ್ಣಲ್ಲೂ ನೋಡಿ, ಬೆರಳಲ್ಲೂ ಮುಟ್ಟಿ. ಅಂಗಡಿಯವರು ಈಗಷ್ಟೇ ನೋಡಿದ್ದರೂ ನೀವು ನೋಡಬೇಕು. ಪಿಸ್ತೂಲಿನ ಬಾಯಿ ಯಾರ ಕಡೆಗೂ ತಿರುಗಬಾರದು. ಪಿಸ್ತೂಲಿನ ಮೇಲಿನ ನಂಬರ್ ಮತ್ತು ಬಿಲ್ಲಿನ ನಂಬರ್ ಒಂದೇ ಇರಬೇಕು, ನಳಿಗೆ ಪರೀಕ್ಷೆಯಾದ ಮುದ್ರೆಯೂ ಕಾಣಬೇಕು. ಆಮೇಲೆ ಬಿಚ್ಚಿ ತೋರಿಸಲು ಹೇಳಿ. ಮುಖ ಗಂಟಿಕ್ಕಿದರೆ ಗಂಟಿಕ್ಕಲಿ. ಹೊಸದಕ್ಕೆ ಗ್ರೀಸ್ ಮೆತ್ತಿರುತ್ತದೆ, ಅದನ್ನು ಒರೆಸದೆ ನಳಿಗೆಯೊಳಗೆ ಏನೂ ಕಾಣುವುದಿಲ್ಲ. ಬೆಳಕಿಗೆ ಹಿಡಿದಾಗ ಸುರುಳಿ ಗೀರುಗಳು ಚೂಪಾಗಿ ಕಾಣಬೇಕು. ನಡುವೆ ಉಂಗುರದಂಥ ನೆರಳು ಕಂಡರೆ ನಳಿಗೆ ಉಬ್ಬಿರಬಹುದು, ಅದನ್ನು ಅಲ್ಲೇ ಬಿಟ್ಟು ಬನ್ನಿ.

ಮತ್ತೆ ಜೋಡಿಸಿದ ಮೇಲೆ, ಖಾಲಿ ಇರುವುದನ್ನು ಇನ್ನೊಮ್ಮೆ ಖಾತ್ರಿ ಮಾಡಿಕೊಂಡು, ಅಂಗಡಿಯವರನ್ನು ಕೇಳಿಯೇ ಸೇಫ್ಟಿ ಹಾಕಿ ಟ್ರಿಗರ್ ಒತ್ತಿ. ಏನೂ ಆಗಬಾರದು. ಬೆರಳು ತೆಗೆದು ಸೇಫ್ಟಿ ಇಳಿಸಿದಾಗಲೂ ಟಕ್ ಅನ್ನಬಾರದು. ಹ್ಯಾಮರ್ (ಈಡು ಹಾರಿಸಲು ಬಡಿಯುವ ಸುತ್ತಿಗೆ) ಹೊರಗೆ ಕಾಣುವ ಪಿಸ್ತೂಲಾದರೆ ಟ್ರಿಗರ್ ಒತ್ತಿ ಹಿಡಿದುಕೊಂಡೇ ಸ್ಲೈಡ್ ಎಳೆದು ಬಿಡಿ. ಸ್ಲೈಡಿನ ಹಿಂದೆಯೇ ಹ್ಯಾಮರ್ ಕೂಡ ಬಿದ್ದರೆ, ಒಂದು ಈಡು ಹಾರಿಸಹೋಗಿ ಎರಡು ಹಾರುವ ಅಪಾಯವಿದೆ. ಇದೆಲ್ಲ ನೋಡುವವರೂ ಮ್ಯಾಗಜಿನ್ ಮರೆಯುತ್ತಾರೆ. ಪಿಸ್ತೂಲು ಸಿಕ್ಕಿಕೊಳ್ಳುವುದಕ್ಕೆ ಎಷ್ಟೋ ಸಲ ಕಾರಣ ಅದೇ ತಗಡಿನ ಡಬ್ಬಿ. ಅದರ ಬಾಯಿಯಂಚಿನ ತುಟಿ ಸೊಟ್ಟಗಿರಬಾರದು, ಸ್ಪ್ರಿಂಗ್ ಮೆತ್ತಗಿರಬಾರದು. ಡಮ್ಮಿ ತೋಟಾ ತುಂಬಿ ಒಂದೊಂದೇ ಚೇಂಬರಿಗೆ ಹೋಗಿ ಸಲೀಸಾಗಿ ಹೊರಬರುತ್ತದೆಯೇ ನೋಡಿ. ಅಂಗಡಿಯಲ್ಲಿ ನಿಜವಾದ ತೋಟಾ ಮಾತ್ರ ಬೇಡವೇ ಬೇಡ.

ಬಜೆಟ್ ಅಂತ ಕೂತು ಲೆಕ್ಕ ಹಾಕುವಾಗ ಎರಡನೇ ಮ್ಯಾಗಜಿನ್, ಗೋಡೆಗೆ ಬೋಲ್ಟ್ ಹಾಕುವ ಲಾಕರ್, ಅಭ್ಯಾಸದ ತೋಟಾ ಇವನ್ನೂ ಸೇರಿಸಿ. ಎಲ್ಲಾ ಹಣ ಪಿಸ್ತೂಲಿಗೇ ಹಾಕಿ, ವರ್ಷಕ್ಕೊಮ್ಮೆಯೂ ಹಾರಿಸದೆ ಬೀರುವಿನಲ್ಲಿ ಬಟ್ಟೆ ಕೆಳಗೆ ಸುಮ್ನೆ ಇಡುವವರೇ ಜಾಸ್ತಿ. ಅಂಥವರಿಗೆ ಪಿಸ್ತೂಲಿಗಿಂತ ಗಟ್ಟಿ ಬಾಗಿಲು, ಒಳ್ಳೆಯ ನಾಯಿ ವಾಸಿ ಅಂತ ನನ್ನ ಅಭಿಪ್ರಾಯ.

ಒಂದು ಬೇಡಿಕೆಯೂ ಇದೆ. ನೋಡುವುದೆಲ್ಲ ನೋಡಿದರೂ ಹಾರಿಸದೆ ಪಿಸ್ತೂಲಿನ ಗುಣ ತಿಳಿಯುವುದಿಲ್ಲ ಅಲ್ವಾ? ಜಿಲ್ಲಾ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ, ಅದಕ್ಕೆ ಗುಂಡು ಹಾರಿಸುವ ಮೈದಾನವನ್ನೂ ಬಳಸುತ್ತಾರೆ. ಅಲ್ಲೇ, ಅಧಿಕಾರಿಗಳ ಎದುರಿಗೇ, ಅಂಗಡಿಯವರೂ ಹಾಜರಿದ್ದು, ಕೊಳ್ಳುವವರು ಲೈಸೆನ್ಸಿನಲ್ಲಿ ನಮೂದಾಗುವ ಮೊದಲು ಒಂದೆರಡು ಮ್ಯಾಗಜಿನ್ ಹಾರಿಸಿ ನೋಡುವ ವ್ಯವಸ್ಥೆಯನ್ನು ಗೃಹ ಇಲಾಖೆ ಮಾಡಲಿ. ತೋಟಾದ ಖರ್ಚು, ಮೈದಾನದ ಶುಲ್ಕ ನಾವೇ ಕೊಡುತ್ತೇವೆ.

— ಒಬ್ಬ ಕಾಫಿ ಬೆಳೆಗಾರ, ಸಕಲೇಶಪುರ