ಸೀಟು ಸಿಕ್ಕಿತು, ಲಸಿಕೆ ಚೀಟಿ ಎಲ್ಲಿ?

ಸಂಪಾದಕರೇ,

ಮಗಳಿಗೆ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕ ಖುಷಿಯಲ್ಲಿ ಸೂಟ್‌ಕೇಸು, ಹಾಸಿಗೆ ಅಂತ ಓಡಾಡಿದ್ದೇ ಆಯ್ತು. ಲಸಿಕೆ ದಾಖಲೆ ಕೊಡಬೇಕು ಅನ್ನುವ ಸಾಲನ್ನು ಮನೆಯಲ್ಲಿ ಯಾರೂ ಸರಿಯಾಗಿ ಓದಿರಲಿಲ್ಲ. ಕೊನೆಗೆ ಬೀರು ತಡಕಿದಾಗ ಸಿಕ್ಕ ಚೀಟಿ ಮಡಿಕೆಯಲ್ಲೇ ಹರಿದಿತ್ತು, ಎಂಎಂಆರ್ ಎದುರಿನ ಎರಡೂ ತಾರೀಖು ಶಾಯಿ ಕಲೆಯಲ್ಲಿ ಮುಳುಗಿದ್ದವು.

ನಾಳೆ ಹಾಕಿಸಿದರಾಯ್ತು ಅಂದುಕೊಂಡೆವು. ಆದರೆ ದಡಾರ, ಮಂಗನಬಾವು, ರುಬೆಲ್ಲಾಗೆ ಕೊಡುವ ಈ ಲಸಿಕೆಯ ಎರಡು ಡೋಸ್ ನಡುವೆ ಕನಿಷ್ಠ 28 ದಿನ ಬೇಕು. ಯಕೃತ್ತಿಗೆ ಬರುವ ಹೆಪಟೈಟಿಸ್ ಬಿ ಸೋಂಕಿನ ಲಸಿಕೆಗೆ ಸಾಮಾನ್ಯವಾಗಿ 3 ಡೋಸ್, ಮುಗಿಯಲು 6 ತಿಂಗಳು. ಇನ್ನೊಂದು ಗೊತ್ತೇ ಇರಲಿಲ್ಲ. ಕ್ಷಯದ ಚರ್ಮ ಪರೀಕ್ಷೆಯೂ ಬೇಕಿದ್ದರೆ ಅದನ್ನು ಎಂಎಂಆರ್ ಹಾಕಿಸುವ ದಿನವೇ ಅಥವಾ ಅದಕ್ಕೂ ಮೊದಲೇ ಮಾಡಿಸಬೇಕು, ಇಲ್ಲದಿದ್ದರೆ 4 ವಾರ ಕಾಯಬೇಕು, ಯಾಕೆಂದರೆ ಲಸಿಕೆಯಿಂದ ಫಲಿತಾಂಶ ತಪ್ಪಾಗಿ ನೆಗೆಟಿವ್ ಬರಬಹುದು.

ಚೀಟಿ ಕಳೆದವರಿಗೂ ದಾರಿ ಇದೆ. ರಕ್ತದಲ್ಲಿ ಪ್ರತಿಕಾಯ ಇದೆಯಾ ಅಂತ ನೋಡುವ ಐಜಿಜಿ ಪರೀಕ್ಷೆಯನ್ನು ಎಷ್ಟೋ ಕಡೆ ಒಪ್ಪುತ್ತಾರೆ. ಮೊದಲೇ ಹಾಕಿಸಿದ್ದರೂ ಎಂಎಂಆರ್ ಇನ್ನೊಮ್ಮೆ ಹಾಕಿಸಿದರೆ ತೊಂದರೆಯಿಲ್ಲ ಅಂತ ನಮ್ಮ ಡಾಕ್ಟರ್ ಹೇಳಿದರು.

ನಿಯಮದ ಬಗ್ಗೆ ನನಗೆ ತಕರಾರಿಲ್ಲ. ಹಾಸ್ಟೆಲ್ ಕೋಣೆಯಲ್ಲಿ ಒಬ್ಬರಿಗೆ ದಡಾರ ಬಂದರೆ ಪಕ್ಕದವರನ್ನು ಬಿಡುತ್ತದಾ? ಆದರೆ ಇಷ್ಟು ಸಮಯ ಹಿಡಿಯುವ ವಿಷಯವನ್ನು ಪ್ರವೇಶ ಪತ್ರದ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಹಾಕೋಕೆ ಏನು ಕಷ್ಟ?

— ಒಬ್ಬ ತಾಯಿ