ಅಯೋ ಫೋಟೋ ಸಾಲದು, ನಕ್ಷೆನೂ ಹಾಕಿ

ಸಂಪಾದಕರಿಗೆ ನಮಸ್ಕಾರ,

ಗುರುಗ್ರಹದ ಚಂದ್ರ ಅಯೋ ಬಗ್ಗೆ ನಮ್ಮ ಪೇಪರ್‌ಗಳಲ್ಲಿ ಯಾವಾಗ ಸುದ್ದಿ ಬಂದ್ರೂ ಒಂದು ಹಳದಿ ಫೋಟೋ, ಕೆಳಗೆ ಬೆಂಕಿ ಉಗುಳೋ ಚಂದ್ರ ಅಂತ ನಾಕು ಸಾಲು, ಅಷ್ಟಕ್ಕೇ ಮುಗೀತು. ನಿಜವಾದ ಸುದ್ದಿ ಇರೋದು ಅಲ್ಲಿನ ಜ್ವಾಲಾಮುಖಿಗಳ ನಕ್ಷೆಯಲ್ಲಿ, ದಯವಿಟ್ಟು ಅದನ್ನೂ ಪ್ರಿಂಟ್ ಮಾಡಿ.

1979ರ ಮಾರ್ಚ್‌ನಲ್ಲಿ ವಾಯೇಜರ್ 1 ಕಳಿಸಿದ ಫೋಟೋದಲ್ಲಿ, ನೌಕೆ ದಾರಿ ಲೆಕ್ಕ ಹಾಕೋಕೆ ನಕ್ಷತ್ರ ಹುಡುಕ್ತಿದ್ದ ಎಂಜಿನಿಯರ್ ಲಿಂಡಾ ಮೊರಾಬಿಟೋ ಅವ್ರಿಗೆ ಅಯೋ ಅಂಚಿನಾಚೆ ಎದ್ದಿದ್ದ ಧೂಳಿನ ಮೋಡ ಕಾಣಿಸ್ತು. ಭೂಮಿ ಬಿಟ್ಟು ಬೇರೆ ಕಡೆ ಸಿಡೀತಿರೋ ಜ್ವಾಲಾಮುಖಿ ಸಿಕ್ಕಿದ್ದು ಅದೇ ಮೊದಲು. ಅದಕ್ಕೆ ಕೆಲವೇ ದಿನ ಮುಂಚೆ ವಿಜ್ಞಾನಿ ಸ್ಟಾನ್ ಪೀಲ್ ಮತ್ತವರ ಜೊತೆಗಾರರು ಇದನ್ನ ಲೆಕ್ಕದಲ್ಲೇ ಹೇಳಿದ್ರು: ಗುರುವಿನ ಬೇರೆ ಚಂದ್ರಗಳಾದ ಯೂರೋಪಾ, ಗ್ಯಾನಿಮೀಡ್ ಎಳೆತದಿಂದ ಅಯೋ ಕಕ್ಷೆ ಪೂರ್ತಿ ಗುಂಡಗಾಗಲ್ಲ, ಗುರು ಹತ್ರ ದೂರ ಆಗ್ತಾ ಇಡೀ ಚಂದ್ರ ಹಿಗ್ಗಿ ಕುಗ್ಗಿ, ತಂತಿನ ಹಿಂದೆ ಮುಂದೆ ಬಗ್ಗಿಸಿದಾಗ ಆಗೋ ಹಾಗೆ ಒಳಗೇ ಬಿಸಿ ಹುಟ್ಟತ್ತೆ ಅಂತ.

ಆದ್ರೆ ಆ ಬಿಸಿ ಎಷ್ಟು ಆಳದಲ್ಲಿ ಹುಟ್ಟತ್ತೆ? ನಕ್ಷೆ ಬೇಕಾಗೋದು ಇಲ್ಲೇ. ತುಂಬಾ ಆಳದಲ್ಲಿ ಹುಟ್ಟಿದ್ರೆ ಧ್ರುವಗಳ ಕಡೆ ಶಾಖ ಜಾಸ್ತಿ ಬರಬೇಕು, ಮೇಲ್ಪದರದ ಹತ್ರ ಹುಟ್ಟಿದ್ರೆ ಸಮಭಾಜಕದ ಕಡೆ ಜಾಸ್ತಿ. ಮಾಮೂಲಿ ಫೋಟೋದಲ್ಲಿ ಆರಿದ ಲಾವಾನೂ ಕಪ್ಪೇ, ಬಿಸಿ ಲಾವಾನೂ ಬಹಳ ಸಲ ಕಪ್ಪೇ, ಇನ್‌ಫ್ರಾರೆಡ್‌ನಲ್ಲಿ, ಅಂದ್ರೆ ಕಣ್ಣಿಗೆ ಕಾಣದ ಶಾಖದ ಕಿರಣದಲ್ಲಿ ನೋಡಿದ್ರೇನೇ ಈಗ ಯಾವುದು ಉರೀತಿದೆ ಗೊತ್ತಾಗೋದು. ವಾಯೇಜರ್, ಗೆಲಿಲಿಯೋ ನೌಕೆಗಳಿಗೆ ಅಯೋ ಧ್ರುವ ಸರಿಯಾಗಿ ಕಾಣ್ತಿರಲಿಲ್ಲ. ನಾಸಾದ ಜೂನೋ ನೌಕೆ ಗುರುವಿನ ಧ್ರುವಗಳ ಮೇಲೆ ಹಾದುಹೋಗೋ ಕಕ್ಷೇಲಿರೋದ್ರಿಂದ ಅಯೋ ಧ್ರುವಗಳ ಕಡೆನೂ ಕಣ್ಣು ಹಾಯಿಸೋಕಾಯ್ತು, ಅದ್ರಲ್ಲಿರೋ ಇಟಲಿಯವರ ಜೈರಾಮ್ ಅನ್ನೋ ಇನ್‌ಫ್ರಾರೆಡ್ ಉಪಕರಣ ಮಾಡಿದ್ದು ಗುರುವಿನ ಅರೋರಾ (ಧ್ರುವಗಳ ಹತ್ರ ಆಕಾಶದಲ್ಲಿ ಹೊಳೆಯೋ ಬೆಳಕು) ನೋಡೋಕೆ, ಆದ್ರೂ ಅದೇ ಡೇಟಾ ಇಟ್ಕೊಂಡು ವಿಜ್ಞಾನಿಗಳು 266 ಹಾಟ್‌ಸ್ಪಾಟ್ (ಶಾಖ ಜಾಸ್ತಿ ಹೊಮ್ಮೋ ಜ್ವಾಲಾಮುಖಿ ಜಾಗ) ಗುರುತು ಮಾಡಿದ್ದಾರೆ, ಇದು ಎಂಥಾ ಕೆಲಸ ನೋಡಿ! ಧ್ರುವಗಳಲ್ಲಿ ಶಾಖ ಕಮ್ಮಿ ಕಂಡಿದ್ರಿಂದ ಮೇಲ್ಪದರದ ಕೆಳಗೇ ಶಿಲಾರಸದ ಸಮುದ್ರ ಇರಬಹುದು ಅಂದ್ರು. 2024ರ ಡಿಸೆಂಬರ್‌ನಲ್ಲಿ ಬಂದ ಗುರುತ್ವದ ಲೆಕ್ಕ ಮಾತ್ರ ಇಡೀ ಅಯೋ ಸುತ್ತ ಹಂಗೆ ಮೇಲಲ್ಲೇ ಸಮುದ್ರ ಇಲ್ಲ ಅಂತು. ಅದೇ ತಿಂಗಳು 27ಕ್ಕೆ ದಕ್ಷಿಣಾರ್ಧದಲ್ಲಿ ಸುಮಾರು 1 ಲಕ್ಷ ಚದರ ಕಿಲೋಮೀಟರ್ ಅಗಲದ ಹಾಟ್‌ಸ್ಪಾಟ್ ಬೇರೆ ಸಿಕ್ತು, ಅಂದ್ರೆ ಕರ್ನಾಟಕದ ಅರ್ಧಕ್ಕಿಂತ ಜಾಸ್ತಿ ಜಾಗ.

ಇದನ್ನೆಲ್ಲ ಒಂದು ಫೋಟೋ ಹೇಗೆ ಹೇಳತ್ತೆ ಸರ್? ಮುಂದಿನ ಸಲ ಅರ್ಧ ಪುಟಕ್ಕೆ ನಕ್ಷೆ ಹಾಕಿ, ಲೋಕಿ ಎಲ್ಲಿ, ಪೀಲೆ ಎಲ್ಲಿ, ನಮ್ಮ ವೇದದ ಹೆಸರಿರೋ ತ್ವಷ್ಟಾರ್ ಎಲ್ಲಿ ಅಂತ ಅಲ್ಲಿನ ಜ್ವಾಲಾಮುಖಿಗಳನ್ನ ಕನ್ನಡದಲ್ಲೇ ಗುರುತು ಮಾಡಿ. ಜೂನೋ ಕ್ಯಾಮೆರಾದ ಕಚ್ಚಾ ಫೋಟೋಗಳನ್ನ ನಾಸಾ ಎಲ್ಲರಿಗೂ ಬಿಟ್ಟಿದೆ, ಯಾರು ಬೇಕಾದ್ರೂ ಡೌನ್‌ಲೋಡ್ ಮಾಡಿ ಪ್ರೊಸೆಸ್ ಮಾಡಬಹುದು ಅನ್ನೋದನ್ನೂ ಬರೀರಿ, ಹೈಸ್ಕೂಲ್ ಮಕ್ಕಳಿಗೆ ಇದು ಗೊತ್ತಾಗಬೇಕು.

ಇಂತಿ,
ವಿಜ್ಞಾನ ಪುಟದ ಓದುಗ, ತುಮಕೂರು