ರೇಡಿಯೊ ಕೊಠಡಿಯ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಕಳೆದ ವಾರ ನಮ್ಮ ಹವ್ಯಾಸಿ ರೇಡಿಯೊ ಕೊಠಡಿಯಲ್ಲಿ ಎಂಟನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ಮೈಕ್ ಮುಂದೆ ಕುಳಿತಿದ್ದಾಗ, ಬೇರೆ ದೇಶದ ಹ್ಯಾಮ್ (ಹವ್ಯಾಸಿ ರೇಡಿಯೊ ಬಳಸುವವರು) ಒಬ್ಬರು ಅವಳ ಹೆಸರು, ವಯಸ್ಸು ಕೇಳಿದರು. ಅವಳು ಹೇಳಿದಳು. ಈ ಸುದ್ದಿ ಬಾಯಿಂದ ಬಾಯಿಗೆ ದಾಟುತ್ತಾ ‘ಶಾಲೆಯವರು ಮಕ್ಕಳನ್ನು ಗುರುತುಪರಿಚಯವಿಲ್ಲದವರ ಜೊತೆ ಮಾತಿಗೆ ಬಿಡುತ್ತಿದ್ದಾರೆ’ ಎಂದಾಗಿದೆ. ಕೆಲವರು ಪತ್ರ ಬರೆದಿದ್ದೀರಿ, ಕೆಲವರು ಕಚೇರಿಗೇ ಬಂದು ಆ ಕೊಠಡಿಗೆ ಬೀಗ ಹಾಕಿಸಿ ಎಂದಿದ್ದೀರಿ. ತಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಬೀಗ ಹಾಕಿಸುವುದಿಲ್ಲ.

ಹ್ಯಾಮ್‌ಗಳ ಮಾತಿಗೆ ಒಂದು ಕ್ರಮವಿದೆ. ಮೊದಲು ಕರೆಸಂಕೇತ (ಪರವಾನಗಿಯ ಜೊತೆ ಸಿಗುವ ಅಕ್ಷರ-ಅಂಕಿಗಳ ಗುರುತು), ನಂತರ ದನಿ ಎಷ್ಟು ಚೆನ್ನಾಗಿ ಕೇಳಿಸುತ್ತಿದೆ ಎಂಬುದರ ಅಂಕಿ, ಆಮೇಲೆ ಹೆಸರು, ಊರು, ಆಂಟೆನಾ, ಹವೆ. ವಯಸ್ಸು ಕೇಳುವುದೂ ಅಲ್ಲಿ ಅಪರೂಪವಲ್ಲ. ‘ಆಲ್ ಏಷ್ಯನ್ ಡಿಎಕ್ಸ್’ ಎಂಬ ರೇಡಿಯೊ ಸ್ಪರ್ಧೆಯಲ್ಲಂತೂ ವಯಸ್ಸನ್ನು ಹೇಳುವುದೇ ನಿಯಮ. ಮಹಿಳೆಯರಿಗೆ ಮಾತ್ರ ‘ಸೊನ್ನೆ ಸೊನ್ನೆ’ ಎನ್ನುವ ಅವಕಾಶವಿದೆ. (ಈ ಸೌಲಭ್ಯ ಸರ್ಕಾರಿ ಅರ್ಜಿಗಳಲ್ಲೂ ಇದ್ದಿದ್ದರೆ ನನ್ನಂಥವರಿಗೆ ಅನುಕೂಲವಾಗುತ್ತಿತ್ತು.) ಆ ಮನುಷ್ಯ ಕೇಳಿದ್ದರಲ್ಲಿ ದುರುದ್ದೇಶ ಹುಡುಕಬೇಕಾಗಿಲ್ಲ.

‘ಅವರು ಒಳ್ಳೆಯವರೇ ಇರಬಹುದು, ನಾಳೆ ಬರುವವರು?’ ಎಂದು ಒಬ್ಬ ತಾಯಿ ಕೇಳಿದರು. ಸರಿಯಾದ ಪ್ರಶ್ನೆ. ಅದಕ್ಕೆ ನನ್ನ ಉತ್ತರವಿಷ್ಟೆ: ಹವ್ಯಾಸಿ ರೇಡಿಯೊದಲ್ಲಿ ಗುಟ್ಟಿನ ಮಾತಿಗೆ ಜಾಗವಿಲ್ಲ. ದೇಶದೇಶಗಳ ನಡುವಿನ ಹವ್ಯಾಸಿ ಸಂಭಾಷಣೆಯಲ್ಲಿ ಅರ್ಥ ಮರೆಮಾಚುವ ಗೂಢಲಿಪಿ ಬಳಸಬಾರದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ನಿಯಮಾವಳಿಯೇ ಹೇಳುತ್ತದೆ. ಮಾತನಾಡುವವರು ಆಗಾಗ ತಮ್ಮ ಕರೆಸಂಕೇತ ಹೇಳುತ್ತಿರಬೇಕು. ಅದರ ಮೊದಲ ಅಕ್ಷರಗಳಿಂದಲೇ ಯಾವ ದೇಶದವರೆಂದು ತಿಳಿಯುತ್ತದೆ. ಪರವಾನಗಿ ಕೊಟ್ಟ ಸರ್ಕಾರದ ಬಳಿ ಅವರ ದಾಖಲೆಯಿರುತ್ತದೆ. ಅದೇ ಕಂಪನಾಂಕಕ್ಕೆ ರೇಡಿಯೊ ತಿರುಗಿಸಿದ ಯಾರು ಬೇಕಾದರೂ ಕೇಳಿಸಿಕೊಳ್ಳಬಹುದು. ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಮೊಬೈಲ್ ಹಿಡಿದಿರುವ ಮಗು ಯಾರ ಜೊತೆ ಮಾತನಾಡುತ್ತಿದೆ ಎಂಬುದು ತಮಗೂ ತಿಳಿಯದು, ನನಗೂ ತಿಳಿಯದು. ರೇಡಿಯೊ ಕೊಠಡಿಯಲ್ಲಿ ತಿಳಿಯುತ್ತದೆ: ದಿನಾಂಕ, ವೇಳೆ, ಕಂಪನಾಂಕ, ಎದುರಿನವರ ಕರೆಸಂಕೇತ ಎಲ್ಲವೂ ಲಾಗ್ ಪುಸ್ತಕದಲ್ಲಿವೆ. ಬಂದು ನೋಡಬಹುದು.

ಹಾಗೆಂದು ತಮ್ಮ ಮಾತನ್ನು ತಳ್ಳಿಹಾಕುತ್ತಿಲ್ಲ. ಎಲ್ಲರಿಗೂ ಕೇಳಿಸುತ್ತದೆ ಎಂದ ಮೇಲೆ ಮಗುವಿನ ವಿವರವೂ ಎಲ್ಲರಿಗೂ ಕೇಳಿಸುತ್ತದೆ ತಾನೆ? ಆದ್ದರಿಂದ ಇನ್ನು ಮುಂದೆ ಮಕ್ಕಳು ಮೊದಲ ಹೆಸರನ್ನು ಮಾತ್ರ ಹೇಳುತ್ತಾರೆ. ವಯಸ್ಸು, ಮನೆಯ ವಿಳಾಸ, ಫೋನ್ ಸಂಖ್ಯೆ ಹೇಳುವುದಿಲ್ಲ; ಸ್ಪರ್ಧೆಗಳಲ್ಲಿ ಶಿಕ್ಷಕರೇ ಮಾತನಾಡುತ್ತಾರೆ. ಸಂಪರ್ಕ ಖಚಿತಪಡಿಸುವ ಕ್ಯೂಎಸ್‌ಎಲ್ ಕಾರ್ಡುಗಳು ಶಾಲೆಯ ವಿಳಾಸಕ್ಕೇ ಬರುತ್ತವೆ. ಪರವಾನಗಿ ಇರುವ ಶಿಕ್ಷಕರು ಪಕ್ಕದಲ್ಲಿಲ್ಲದೆ ಯಾರೂ ಮೈಕ್ ಮುಟ್ಟುವಂತಿಲ್ಲ ಎಂಬ ನಿಯಮ ಮೊದಲಿನಿಂದಲೂ ಇದೆ, ಆ ದಿನವೂ ಅವರು ಅಲ್ಲೇ ಇದ್ದರು.

ಗುರುತಿಲ್ಲದವರ ಜೊತೆ ಮಾತೇ ಬೇಡ ಎಂಬುದನ್ನು ಮಾತ್ರ ಒಪ್ಪಲಾರೆ. ‘ಸಿಕ್ಯೂ’ ಎಂಬ ಕರೆ ಯಾರಾದರೂ ಉತ್ತರಿಸಿ ಎಂದೇ ಕೊಡುವಂಥದ್ದು. ಗುರುತಿನವರ ಜೊತೆಗೆ ಮಾತ್ರ ಮಾತನಾಡುವುದಾದರೆ ಇಂಟರ್‌ಕಾಮ್ ಸಾಕು. 1912ರಲ್ಲಿ ಅಮೆರಿಕದ ಕಾನೂನು ಹವ್ಯಾಸಿಗಳನ್ನು 200 ಮೀಟರ್ ಮತ್ತು ಅದಕ್ಕಿಂತ ಕಡಿಮೆ ತರಂಗಾಂತರಗಳಿಗೆ ತಳ್ಳಿತು. ದೂರ ಸಂಪರ್ಕಕ್ಕೆ ಅವು ಕೆಲಸಕ್ಕೆ ಬಾರದವು ಎಂದೇ ಆಗಿನ ತಿಳಿವಳಿಕೆ. ಅಲ್ಲೇ ಕುಳಿತು ಕರೆ ಕೊಡುತ್ತಾ ಹೋದವರು 1923ರ ನವೆಂಬರ್‌ನಲ್ಲಿ, ಸುಮಾರು 100 ಮೀಟರ್ ತರಂಗಾಂತರದಲ್ಲಿ, ಅಟ್ಲಾಂಟಿಕ್ ಸಾಗರದಾಚೆಯ ಫ್ರಾನ್ಸಿನ ಹವ್ಯಾಸಿಯೊಬ್ಬರ ಜೊತೆ ಮೋರ್ಸ್ ಸಂಕೇತಗಳಲ್ಲಿ ಸಂದೇಶ ವಿನಿಮಯ ಮಾಡಿಕೊಂಡರು. ವಾಯುಮಂಡಲದ ಮೇಲ್ಭಾಗದಲ್ಲಿರುವ ಅಯಾನುಗೋಳ ಎಂಬ ಪದರ ಆ ಕಿರುತರಂಗಗಳನ್ನು ಕೆಳಕ್ಕೆ ಬಾಗಿಸಿ ಕಳಿಸುತ್ತಿತ್ತು. ಮಕ್ಕಳು ಇದನ್ನು ಪಠ್ಯದಲ್ಲಿ ಚಿತ್ರವಾಗಿ ನೋಡುತ್ತಾರೆ. ನಮ್ಮ ಕೊಠಡಿಯಲ್ಲಿ ಹಗಲು ಕೇಳಿಸದ ಕೇಂದ್ರ ಸಂಜೆಯಾಗುತ್ತಲೇ ತೇಲಿಬಂದಾಗ, ಏಕೆ ಎಂದು ತಾವೇ ಕೇಳುತ್ತಾರೆ. ಹಾಗೆ ಕೇಳಬೇಕಾದರೆ ಆ ಕಡೆ ಗುರುತಿಲ್ಲದವರೊಬ್ಬರು ಇರಲೇಬೇಕು.

ಆಂಟೆನಾದ ವಿಕಿರಣದ ಬಗ್ಗೆಯೂ ಪ್ರಶ್ನೆ ಬಂದಿದೆ. ರೇಡಿಯೊ ತರಂಗಗಳು ಎಕ್ಸ್-ಕಿರಣಗಳಂತೆ ಪರಮಾಣುಗಳನ್ನು ಅಯಾನೀಕರಿಸುವುದಿಲ್ಲ, ಅಂದರೆ ಅವುಗಳಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತುಹಾಕುವುದಿಲ್ಲ. ಆದರೆ ಪ್ರಸಾರದ ವೇಳೆ ಆಂಟೆನಾ ಮುಟ್ಟಿದರೆ ಸುಡಬಹುದು, ಹಾಗಾಗಿ ಮಹಡಿಯ ಬಾಗಿಲಿಗೆ ಬೀಗವಿದೆ. ಗುಡುಗು ಸಿಡಿಲಿನ ದಿನ ಕೊಠಡಿ ತೆರೆಯುವುದಿಲ್ಲ.

ಜೊತೆಗಿರುವ ಒಪ್ಪಿಗೆ ಚೀಟಿಗೆ ಸಹಿ ಹಾಕಿ ಶುಕ್ರವಾರದೊಳಗೆ ಕಳುಹಿಸಿಕೊಡಿ.

ಸಹಿ ಹಾಕದವರ ಮೇಲೆ ಬೇಸರವಿಲ್ಲ. ಅವರ ಮಕ್ಕಳೂ ಕೊಠಡಿಗೆ ಬರಬಹುದು, ಹೆಡ್‌ಫೋನ್ ಹಾಕಿಕೊಂಡು ಕೇಳಬಹುದು, ಲಾಗ್ ಬರೆಯಬಹುದು. ಮೈಕ್ ಮಾತ್ರ ಅವರ ಕೈಗೆ ಬರುವುದಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ